ವಿಯೆನ್ನಾದ ಷೋನ್‌ಬ್ರುನ್ ಅರಮನೆಗೆ ಹೋಗುವವರಿಗೆ

ಮೊದಲು ಟಿಕೆಟ್ ವಿಷಯ ಹೇಳಿಬಿಡುತ್ತೇನೆ. ಷೋನ್‌ಬ್ರುನ್ ಅರಮನೆಯ ಒಳಗೆ ನೋಡಲು ಚಿಕ್ಕ ಸುತ್ತು, ದೊಡ್ಡ ಸುತ್ತು ಅಂತ ಎರಡು ಬಗೆ ಇದೆ. ಚಿಕ್ಕದರಲ್ಲಿ ಇಪ್ಪತ್ತು ಚಿಲ್ಲರೆ ಕೋಣೆಗಳು. ದೊಡ್ಡದರಲ್ಲಿ ಸುಮಾರು 40. ಗುಂಪಿನಲ್ಲಿ ಹೋದವರಿಗೆ ಹೆಚ್ಚಾಗಿ ಚಿಕ್ಕದನ್ನೇ ತೋರಿಸಿ ಬಸ್ ಹತ್ತಿಸುತ್ತಾರೆ. ನೀವೇ ಪ್ಲಾನ್ ಮಾಡಿಕೊಂಡು ಹೋಗುವುದಾದರೆ ದಯವಿಟ್ಟು ದೊಡ್ಡದನ್ನೇ ತಗೊಳ್ಳಿ. ನಮ್ಮ ದೇಶದಿಂದ ಹೋದವರು ನೋಡಲೇಬೇಕಾದ ಕೋಣೆ ಇರುವುದು ದೊಡ್ಡ ಸುತ್ತಿನಲ್ಲಿ ಮಾತ್ರ. ಅದರ ಬಗ್ಗೆ ಆಮೇಲೆ ಬರೆಯುತ್ತೇನೆ.

ಟಿಕೆಟ್ಟಿನ ಮೇಲೆ ಒಳಗೆ ಹೋಗುವ ಸಮಯ ಅಚ್ಚಾಗಿರುತ್ತದೆ. ಬೇಸಿಗೆಯಲ್ಲಿ ಕೌಂಟರ್ ಹತ್ತಿರ ಹೋಗಿ ಕೇಳಿದರೆ ಮಧ್ಯಾಹ್ನದ ಮೇಲಿನ ಸಮಯ ಸಿಗಬಹುದು, ಅರ್ಧ ದಿನ ಹಾಗೇ ಹೋಯಿತು. ಹಾಗಾಗಿ ಮನೆಯಿಂದಲೇ ಅರಮನೆಯ ಸ್ವಂತ ವೆಬ್‌ಸೈಟ್‌ನಲ್ಲಿ ಬುಕ್ ಮಾಡಿ. ಬೆಳಗಿನ ಮೊದಲ ಸ್ಲಾಟ್ ಸಿಕ್ಕಿದರೆ ಬಿಡಬೇಡಿ. ಟೂರಿಸ್ಟ್ ಬಸ್ಸುಗಳು ಬರುವ ಮುಂಚೆ ಕೋಣೆಗಳಲ್ಲಿ ನಿಂತು ನೋಡಲು ಜಾಗ ಇರುತ್ತದೆ. ಹೋಫ್‌ಬುರ್ಗ್ ಅರಮನೆಯನ್ನೂ ನೋಡುವ ಆಸೆ ಇದ್ದರೆ ಎರಡೂ ಸೇರಿದ ಸಿಸಿ ಪಾಸ್ ಇದೆ. ಆದರೆ ಎರಡನ್ನೂ ಒಂದೇ ದಿನ ಇಟ್ಟುಕೊಳ್ಳಬೇಡಿ. ಮೂರನೇ ಗಂಟೆಗೆ ಚಿನ್ನದ ಚೌಕಟ್ಟುಗಳೆಲ್ಲ ಒಂದೇ ಥರ ಕಾಣಲು ಶುರುವಾಗುತ್ತವೆ.

ಹೋಗುವ ದಾರಿ ಬಹಳ ಸುಲಭ. ವಿಮಾನ ನಿಲ್ದಾಣದಿಂದ ಊರೊಳಗೆ ಬರಲು ಎಸ್7 ರೈಲು ಹಿಡಿದು ವೀನ್ ಮಿಟ್ಟೆ ನಿಲ್ದಾಣದಲ್ಲಿ ಇಳಿಯಿರಿ. ಅದೇ ದಾರಿಗೆ ಕ್ಯಾಟ್ ಅನ್ನುವ ಇನ್ನೊಂದು ರೈಲೂ ಇದೆ. ಸ್ವಲ್ಪ ಬೇಗ ತಲುಪಿಸುತ್ತದೆ, ಆದರೆ ದುಡ್ಡು ಜಾಸ್ತಿ. ನಮ್ಮಂಥವರಿಗೆ ಎಸ್7 ಸಾಕು. ವೀನ್ ಮಿಟ್ಟೆಯಿಂದಲೇ ಮೆಟ್ರೋದ ಯು4 ಲೈನ್ ಸಿಗುತ್ತದೆ. ಅದರಲ್ಲಿ ಕೂತರೆ ನೇರ ಷೋನ್‌ಬ್ರುನ್ ನಿಲ್ದಾಣ, ರೈಲು ಬದಲಿಸುವ ತಾಪತ್ರಯ ಇಲ್ಲ. ಊರಿನಲ್ಲಿ ಓಡಾಡಲು ಕಾಗದದ ಟಿಕೆಟ್ ಕೊಂಡರೆ, ಅದರಲ್ಲಿ ಮೊದಲೇ ಸಮಯ ಅಚ್ಚಾಗಿಲ್ಲದಿದ್ದರೆ, ಪ್ಲಾಟ್‌ಫಾರ್ಮಿಗೆ ಹೋಗುವ ಮುಂಚೆ ಮೆಷಿನ್‌ಗೆ ತೂರಿಸಿ ಮುದ್ರೆ ಹಾಕಿಸಿಕೊಳ್ಳಬೇಕು. ಗೇಟು ಇಲ್ಲ, ತಡೆಯುವವರು ಯಾರೂ ಕಾಣುವುದಿಲ್ಲ. ಆದರೆ ತಪಾಸಣೆಯವರು ಬಂದಾಗ ಮುದ್ರೆ ಇಲ್ಲದಿದ್ದರೆ ದಂಡ ಕಟ್ಟಬೇಕಾಗುತ್ತದೆ.

ನಾವು ಹೋದಾಗ ಅರಮನೆಯ ಒಳಗೆ ಫೋಟೋ ತೆಗೆಯುವಂತಿರಲಿಲ್ಲ. ದೊಡ್ಡ ಬ್ಯಾಗುಗಳನ್ನು ಕ್ಲೋಕ್‌ರೂಮಿನಲ್ಲಿ ಇಟ್ಟು ಹೋಗಬೇಕು. ಫೋಟೋ ಇಲ್ಲ ಅಂತ ಮೊದಲು ಬೇಜಾರಾಯಿತು, ಆದರೆ ನನಗೆ ಅದೇ ಒಳ್ಳೆಯದಾಯಿತು. ಕೈ ಖಾಲಿ ಇದ್ದಾಗ ಕಣ್ಣಿಗೆ ಕೆಲಸ ಸಿಗುತ್ತದೆ.

ಒಂದು ಚೂರು ಇತಿಹಾಸ ಗೊತ್ತಿದ್ದರೆ ಕೋಣೆಗಳು ಮಾತಾಡುತ್ತವೆ. ಇದು ಆಸ್ಟ್ರಿಯಾವನ್ನು ಆಳಿದ ಹ್ಯಾಬ್ಸ್‌ಬರ್ಗ್ ಮನೆತನದ ಬೇಸಿಗೆ ಅರಮನೆ. ಕಟ್ಟಲು ಶುರುವಾದದ್ದು 1696ರಲ್ಲಿ. ಈಗ ನಾವು ನೋಡುವ ರೂಪ ಬಂದದ್ದು ಮರಿಯಾ ತೆರೇಸಾ ಕಾಲದಲ್ಲಿ, 1743ರಿಂದ ಈಚೆಗೆ. ಹದಿನಾರು ಮಕ್ಕಳನ್ನು ಹೆತ್ತು, ದೊಡ್ಡ ಸಾಮ್ರಾಜ್ಯವನ್ನೂ ಆಳಿದ ಹೆಂಗಸು. ಒಟ್ಟು 1441 ಕೋಣೆಗಳಿವೆ. ಅಷ್ಟರಲ್ಲಿ ನಮಗೆ ತೋರಿಸುವುದು ಆ 40 ಮಾತ್ರ.

ಶುರುವಿನಲ್ಲಿ ಬರುವುದು ಚಕ್ರವರ್ತಿ ಫ್ರಾಂಜ್ ಜೋಸೆಫ್ ಇದ್ದ ಕೋಣೆಗಳು. ಅವನು ಹುಟ್ಟಿದ್ದೂ ಇದೇ ಅರಮನೆಯಲ್ಲಿ, 1830ರಲ್ಲಿ. ಸತ್ತದ್ದೂ ಇಲ್ಲೇ, 1916ರಲ್ಲಿ, ಮೊದಲ ಮಹಾಯುದ್ಧ ನಡೆಯುತ್ತಿರುವಾಗ. ಅವನ ಮಲಗುವ ಕೋಣೆಯಲ್ಲಿ ಒಂದು ಸಾದಾ ಕಬ್ಬಿಣದ ಮಂಚ ಇದೆ. ಸುತ್ತಲೂ ಇಷ್ಟೆಲ್ಲ ವೈಭವ ಇಟ್ಟುಕೊಂಡು ಅವನು ಮಲಗುತ್ತಿದ್ದದ್ದು ಅದರ ಮೇಲೆ. ಬೆಳಗಿನ ಜಾವ ನಾಲ್ಕಕ್ಕೇ ಎದ್ದು ಕಡತ ನೋಡಲು ಕೂರುತ್ತಿದ್ದನಂತೆ. ಆ ಮಂಚದ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಹತ್ತಿರದ ವಾಲ್‌ನಟ್ ಕೋಣೆಯ ತೂಗುದೀಪ ನೋಡಲು ಪೂರ್ತಿ ಲೋಹದ್ದೇ ಅನಿಸುತ್ತದೆ. ಅದು ಮರದಲ್ಲಿ ಕೆತ್ತಿ ಚಿನ್ನ ಲೇಪಿಸಿದ್ದು.

ನನ್ನ ಜೊತೆ ಅಮ್ಮ ಇದ್ದರು. ಬಹಳಷ್ಟು ಕೋಣೆಗಳ ಮೂಲೆಯಲ್ಲಿ ಬಿಳಿ ಬಣ್ಣದ, ಚಿನ್ನದ ಗೆರೆ ಎಳೆದ, ಆಳೆತ್ತರಕ್ಕಿಂತ ಎತ್ತರದ ಪಿಂಗಾಣಿ ಒಲೆಗಳಿವೆ, ಚಳಿಗೆ ಕೋಣೆ ಬೆಚ್ಚಗಿಡಲು. ಅಮ್ಮ ಒಂದರ ಮುಂದೆ ನಿಂತು ಬಗ್ಗಿ ನೋಡಿದರು. ಆ ಕಡೆ ಈ ಕಡೆ ತಿರುಗಿ ನೋಡಿ, "ಈ ಒಲೆಗೆ ಬಾಯೇ ಇಲ್ವಲ್ಲೋ, ಸೌದೆ ಎಲ್ಲಿಂದ ಹಾಕ್ತಿದ್ರು?" ಅಂದರು. ಸರಿಯಾದ ಪ್ರಶ್ನೆ ಅಲ್ವಾ? ಉತ್ತರ ಗೋಡೆಯ ಹಿಂದೆ ಇದೆ. ಕೋಣೆಗಳ ಹಿಂದೆ ಆಳುಕಾಳುಗಳು ಓಡಾಡಲು ಕಿರಿದಾದ ಓಣಿ ಇದೆ. ಅಲ್ಲಿಂದಲೇ ಉರಿ ಹಾಕುತ್ತಿದ್ದರು, ನಮ್ಮೂರಲ್ಲಿ ಬಚ್ಚಲುಮನೆ ಹಂಡೆಗೆ ಹೊರಗಿನಿಂದ ಸೌದೆ ತಳ್ಳುವ ಹಾಗೆ. ರಾಜಮನೆತನದವರ ಕಣ್ಣಿಗೆ ಹೊಗೆಯೂ ಬೀಳಬಾರದು, ಬೂದಿಯೂ ಬೀಳಬಾರದು, ಕೆಲಸದವರೂ ಬೀಳಬಾರದು. ಆಮೇಲೆ ಪ್ರತಿ ಕೋಣೆಯಲ್ಲೂ ಅಮ್ಮ ಮೊದಲು ಹುಡುಕಿದ್ದು ಒಲೆಯನ್ನೇ. ನೀವೂ ಹುಡುಕಿ. ಆ ಮನೆ ಹೇಗೆ ನಡೆಯುತ್ತಿತ್ತು ಅಂತ ಅದರಿಂದಲೇ ಅರ್ಥ ಆಗುತ್ತದೆ.

ಕನ್ನಡಿ ಹಜಾರದಲ್ಲಿ 1762ರಲ್ಲಿ ಆರು ವರ್ಷದ ಮೊಜಾರ್ಟ್ ರಾಣಿ ಮರಿಯಾ ತೆರೇಸಾಳ ಎದುರು ಸಂಗೀತ ನುಡಿಸಿದ ಅಂತ ಹೇಳುತ್ತಾರೆ. ಗ್ರೇಟ್ ಗ್ಯಾಲರಿ 40 ಮೀಟರಿಗಿಂತ ಉದ್ದ. 1961ರಲ್ಲಿ ಅಮೆರಿಕದ ಕೆನಡಿ, ಸೋವಿಯತ್ ನಾಯಕ ಕ್ರುಶ್ಚೇವ್ ವಿಯೆನ್ನಾದಲ್ಲಿ ಭೇಟಿಯಾದಾಗ ಇಲ್ಲಿಗೂ ಬಂದಿದ್ದರು. ಕತ್ತೆತ್ತಿ ಚಾವಣಿಯ ಚಿತ್ರ ನೋಡಿ, ಮುಂದೆ ನಡೆಯಿರಿ. ಜನ ಎಲ್ಲ ಇಲ್ಲೇ ಸೇರಿರುತ್ತಾರೆ.

ಮುಂದೆ ಹೋದಂತೆ ಜನ ಕಡಿಮೆಯಾಗುತ್ತಾರೆ, ಕೋಣೆಗಳು ಚಂದ ಆಗುತ್ತವೆ. ನೀಲಿ ಚೀನಿ ಕೋಣೆಯಲ್ಲಿ 1918ರ ನವೆಂಬರ್ 11ರಂದು ಕೊನೆಯ ಚಕ್ರವರ್ತಿ ಕಾರ್ಲ್ ಆಡಳಿತದಿಂದ ದೂರ ಸರಿಯುವ ಪತ್ರಕ್ಕೆ ಸಹಿ ಹಾಕಿದ. ಶತಮಾನಗಳ ಆಳ್ವಿಕೆ ಅಲ್ಲಿಗೆ ಮುಗಿಯಿತು. ಗಂಡ 1765ರಲ್ಲಿ ತೀರಿಕೊಂಡ ಮೇಲೆ ಮರಿಯಾ ತೆರೇಸಾ ಅವನ ನೆನಪಿಗೆ ಮಾಡಿಸಿದ ಕೋಣೆಯ ಗೋಡೆಗೆ ಕಪ್ಪು ಮೆರುಗಿನ ಹಲಗೆಗಳನ್ನು ಕೂರಿಸಿದ್ದಾರೆ. ನೆಪೋಲಿಯನ್ ಕೋಣೆಯಲ್ಲಿ ನೆಪೋಲಿಯನ್‌ಗಿಂತ ಅವನ ಮಗನ ಕಥೆ ಮನಸ್ಸಿಗೆ ತಟ್ಟುತ್ತದೆ. ಆ ಹುಡುಗ ತಾಯಿಯ ತವರಾದ ಈ ಹ್ಯಾಬ್ಸ್‌ಬರ್ಗ್ ಮನೆತನದಲ್ಲಿ ಬೆಳೆದು, 1832ರಲ್ಲಿ, 21ನೇ ವಯಸ್ಸಿಗೆ ಇದೇ ಅರಮನೆಯಲ್ಲಿ ಸತ್ತ. ಅವನು ಸಾಕಿದ್ದ ಜುಟ್ಟಿನ ಹಕ್ಕಿಯನ್ನು ಗಾಜಿನೊಳಗೆ ಇಟ್ಟಿದ್ದಾರೆ. ಪುಟ್ಟದು, ಗಮನಿಸದೆ ದಾಟಿಹೋಗುವ ಸಾಧ್ಯತೆ ಜಾಸ್ತಿ.

ಇನ್ನು ನಾನು ಹೇಳಿದ್ದ ಆ ಕೋಣೆ, ಮಿಲಿಯನ್ಸ್ ರೂಮ್. ಗೋಡೆಗೆಲ್ಲ ಬೀಟೆ ಮರದ ಹಲಗೆ. ಅದರಲ್ಲಿ ಬಳ್ಳಿಯಂತೆ ಸುತ್ತಿಕೊಂಡ 60 ಚಿನ್ನದ ಚೌಕಟ್ಟುಗಳು. ಚೌಕಟ್ಟಿನೊಳಗೆ ಇರುವುದು ಯುರೋಪಿನ ಚಿತ್ರಗಳಲ್ಲ, ನಮ್ಮ ಮೊಘಲ್ ಚಿಕಣಿ ಚಿತ್ರಗಳು! ಬಾದಷಹರ ಕಾಲದ ಬದುಕು, ಪೇಟ ಕಟ್ಟಿದ ಗಂಡಸರು, ನಾವು ಪುಸ್ತಕಗಳಲ್ಲಿ ನೋಡಿದ ಅದೇ ಬಣ್ಣ. ಚೌಕಟ್ಟಿನ ಆಕಾರಕ್ಕೆ ಹೊಂದಲಿ ಅಂತ ರಾಜಮನೆತನದವರೇ ಈ ಚಿತ್ರಗಳನ್ನು ಕತ್ತರಿಸಿ, ಒಂದರ ತುಂಡನ್ನು ಇನ್ನೊಂದರ ಪಕ್ಕ ಅಂಟಿಸಿ ಹೊಸ ಚಿತ್ರ ಮಾಡಿಕೊಂಡಿದ್ದಾರೆ. ಎದುರುಬದುರು ಕನ್ನಡಿಗಳಿರುವುದರಿಂದ ಕೋಣೆ ಕೊನೆಯೇ ಇಲ್ಲದಂತೆ ಕಾಣುತ್ತದೆ. ನನಗೆ ಅಲ್ಲಿ ಖುಷಿ, ಸಂಕಟ ಎರಡೂ ಒಟ್ಟಿಗೆ ಆಯಿತು. ಎಷ್ಟು ಇಷ್ಟಪಟ್ಟಿದ್ದರೆ ತಮ್ಮ ಖಾಸಗಿ ಕೋಣೆಯ ಗೋಡೆಗೆ ಹಾಕಿಕೊಂಡಾರು! ಆದರೂ ಯಾರೋ ಕಲಾವಿದ ಉಸಿರು ಬಿಗಿಹಿಡಿದು ಬರೆದ ಹಾಳೆಗೆ ಕತ್ತರಿ ಆಡಿಸಲು ಕೈ ಹೇಗೆ ಬಂತೋ. ಇಲ್ಲಿಗೆ ಕಡಿಮೆ ಅಂದರೂ ಹತ್ತು ನಿಮಿಷ ಇಟ್ಟುಕೊಳ್ಳಿ.

ಹೊರಗೆ ಬಂದ ಮೇಲೆ ಉದ್ಯಾನ. ಇದಕ್ಕೆ ಟಿಕೆಟ್ ಇಲ್ಲ. ಹೂವಿನ ಪಾತಿ ದಾಟಿದರೆ ನೆಪ್ಚೂನ್ ಕಾರಂಜಿ, ಅದರ ಹಿಂದೆ ಗುಡ್ಡ, ಗುಡ್ಡದ ತುದಿಗೆ 1775ರಲ್ಲಿ ಕಟ್ಟಿದ ಗ್ಲೋರಿಯೆಟ್ ಅನ್ನುವ ಕಮಾನಿನ ಮಂಟಪ. ಅದರ ಮುಂದೆ ನಿಂತರೆ ಹಳದಿ ಅರಮನೆ, ಅದರಾಚೆ ಇಡೀ ವಿಯೆನ್ನಾ. ಮೇಲ್ಛಾವಣಿಗೆ ಬೇರೆ ದುಡ್ಡು ಕೊಡುವ ಅಗತ್ಯ ನನಗೆ ಕಾಣಲಿಲ್ಲ. ಹತ್ತುವ ದಾರಿ ಜಲ್ಲಿಯದು, ನೆರಳೂ ಕಡಿಮೆ. ಮಂಡಿನೋವು ಇರುವ ಹಿರಿಯರಿಗೆ ಸೀಸನ್‌ನಲ್ಲಿ ಉದ್ಯಾನದೊಳಗೆ ಓಡುವ ಪುಟ್ಟ ಪ್ರವಾಸಿ ಗಾಡಿ ಇದೆ. ಅದಕ್ಕೆ ಕೊಡುವ ದುಡ್ಡು ದಂಡವಲ್ಲ. ಮಕ್ಕಳಿದ್ದರೆ ಪಕ್ಕದ ಮೃಗಾಲಯಕ್ಕೆ ಅರ್ಧ ದಿನ ಬೇರೆ ಇಡಿ. 1752ರಿಂದ ನಡೆಯುತ್ತಿರುವ ಇದು ಜಗತ್ತಿನಲ್ಲೇ ಹಳೆಯ ಮೃಗಾಲಯ. ಪಾಂಡಾಗಳನ್ನು ಕಂಡರೆ ಮಕ್ಕಳು ಜಾಗ ಬಿಟ್ಟು ಕದಲುವುದಿಲ್ಲ.

ನೀರಿನ ಬಾಟಲಿ ಕೊಳ್ಳಬೇಡಿ, ಖಾಲಿ ಬಾಟಲಿ ಒಯ್ಯಿರಿ. ವಿಯೆನ್ನಾದ ನಲ್ಲಿ ನೀರು ಆಲ್ಪ್ಸ್ ಬೆಟ್ಟದ ಒರತೆಗಳಿಂದ ಬರುತ್ತದೆ, ಧೈರ್ಯವಾಗಿ ಕುಡಿಯಬಹುದು. ಶೌಚಾಲಯಕ್ಕೆ ಚಿಲ್ಲರೆ ನಾಣ್ಯ ಜೇಬಿನಲ್ಲಿರಲಿ. ಊಟಕ್ಕೆ ಸಸ್ಯಾಹಾರಿಗಳಿಗೆ ಆಪಲ್ ಸ್ಟ್ರೂಡೆಲ್ ಧಾರಾಳ ಸಿಗುತ್ತದೆ, ಆದರೆ ಅದರಿಂದ ಹೊಟ್ಟೆ ತುಂಬುವುದಿಲ್ಲ. ಕೈಸರ್‌ಶ್ಮಾರ್ನ್ ಅನ್ನುವ ಸಿಹಿ ದೋಸೆಯ ಚೂರುಗಳಲ್ಲಿ ಮೊಟ್ಟೆ ಇರುತ್ತದೆ, ಮೊಟ್ಟೆ ತಿನ್ನದವರು ಗಮನಿಸಿ. ಸರಿಯಾಗಿ ಹಸಿವಾಗಿದ್ದರೆ ವಾಪಸ್ ಬರುವಾಗ ಅದೇ ಯು4ನಲ್ಲಿ ಕೆಟನ್‌ಬ್ರೂಕನ್‌ಗಾಸೆ ನಿಲ್ದಾಣದಲ್ಲಿ ಇಳಿಯಿರಿ. ಮೇಲೆ ಬಂದರೆ ನಾಷ್‌ಮಾರ್ಕ್ಟ್ ಸಂತೆ. ಬಿಸಿ ಫಲಾಫೆಲ್, ಆಲಿವ್, ಹಣ್ಣು, ಬ್ರೆಡ್ಡು ಎಲ್ಲ ಇದೆ. ಭಾನುವಾರ ಸಂತೆ ಇರುವುದಿಲ್ಲ, ಊರಿನ ಬಹುಪಾಲು ಅಂಗಡಿಗಳೂ ಮುಚ್ಚಿರುತ್ತವೆ. ಅರಮನೆಗೆ ಭಾನುವಾರವೇ ಹೋಗುವುದಾದರೆ ಶನಿವಾರ ಸಂಜೆಯೇ ತಿಂಡಿ ಕೊಂಡಿಟ್ಟುಕೊಳ್ಳಿ.