ಕಾರ್ಲ್ ಲೆಮ್ಲಿ ಕಟ್ಟಿದ ತಾರಾಪಟ್ಟ

ಊರಿನಿಂದ ಲಾಸ್ ಏಂಜಲೀಸಿಗೆ ಬರುವವರು ಯೂನಿವರ್ಸಲ್ ಸ್ಟುಡಿಯೋ ನೋಡದೆ ಹೋಗುವುದು ಅಪರೂಪ. ಆ ಸುತ್ತಾಟ ಶುರುವಾದದ್ದೇ ಮೂಕಿ ಯುಗದಲ್ಲಿ. 1915ರ ಮಾರ್ಚ್ 15ರಂದು ಯೂನಿವರ್ಸಲ್ ಸಿಟಿ ತೆರೆದ ನಿರ್ಮಾಪಕ ಕಾರ್ಲ್ ಲೆಮ್ಲಿ, 25 ಸೆಂಟ್ ಪಡೆದು ಜನರನ್ನು ಶೂಟಿಂಗ್ ನೋಡಲು ಒಳಗೆ ಬಿಡುತ್ತಿದ್ದ. ಟಾಕಿ ಬಂದು ಗದ್ದಲ ಮಾಡುವಂತಿಲ್ಲ ಎಂದಾದಾಗ ಅದು ನಿಂತಿತು. 1964ರಲ್ಲಿ ಟ್ರಾಮ್ ಸವಾರಿಯಾಗಿ ಮರಳಿತು.

ಲೆಮ್ಲಿಯ ದೊಡ್ಡ ಕೆಲಸ ಅದಕ್ಕೂ ಹಿಂದಿನದು. ಆಗ ಸಂಬಳ ಹೆಚ್ಚು ಕೇಳಿಯಾರೆಂದು ಕಂಪನಿಗಳು ನಟರ ಹೆಸರನ್ನೇ ಹಾಕುತ್ತಿರಲಿಲ್ಲ. ಬಯೋಗ್ರಾಫ್ ಎಂಬ ಕಂಪನಿಯ ನಟಿ ಫ್ಲಾರೆನ್ಸ್ ಲಾರೆನ್ಸ್ ಪ್ರೇಕ್ಷಕರಿಗೆ ಬರೀ 'ಬಯೋಗ್ರಾಫ್ ಹುಡುಗಿ'. ಚಿತ್ರೋದ್ಯಮವನ್ನು ಮುಷ್ಟಿಯಲ್ಲಿಟ್ಟುಕೊಳ್ಳಲು ಹೊರಟ ಕಂಪನಿಗಳ ಕೂಟವಾದ ಎಡಿಸನ್ ಬಳಗದ ಟ್ರಸ್ಟ್ ವಿರುದ್ಧ 1909ರಲ್ಲಿ ಇಂಪ್ ಕಂಪನಿ ಕಟ್ಟಿದ ಲೆಮ್ಲಿ ಅವಳನ್ನು ತನ್ನ ಕಡೆಗೆ ಸೆಳೆದ. ಅವಳು ಟ್ರಾಮಿಗೆ ಸಿಕ್ಕಿ ಸತ್ತಳೆಂಬ ಸುದ್ದಿ ಸೇಂಟ್ ಲೂಯಿಸ್‌ನಲ್ಲಿ ಹಬ್ಬಿದೆ, ಅದು ವೈರಿಗಳ ಹಸಿಸುಳ್ಳು ಎಂದು 1910ರ ಮಾರ್ಚ್ 12ರ 'ಮೂವಿಂಗ್ ಪಿಕ್ಚರ್ ವರ್ಲ್ಡ್' ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟ. ಅದರಲ್ಲಿ ಅವಳ ಹೆಸರಿತ್ತು, ಮುಂದಿನ ಚಿತ್ರದ ಹೆಸರೂ ಇತ್ತು. ಅದೇ ತಿಂಗಳು ಅವಳನ್ನೂ ನಟ ಕಿಂಗ್ ಬ್ಯಾಗಟ್‌ನನ್ನೂ ಸೇಂಟ್ ಲೂಯಿಸ್‌ಗೇ ಕಳಿಸಿದ, ಜನ ಮುಗಿಬಿದ್ದರು. ಸುಳ್ಳುಸುದ್ದಿ ಹುಟ್ಟಿದ್ದು ಲೆಮ್ಲಿಯ ಕಚೇರಿಯಲ್ಲೇ ಎಂಬುದು ಹಲವು ಚರಿತ್ರೆಕಾರರ ಮಾತು, ನಮಗೂ ಹಾಗೇ ಅನಿಸುತ್ತದೆ. ಆದರೆ ನಟರ ಹೆಸರು ಬಯಲು ಮಾಡಿದ್ದರಲ್ಲಿ ಲೆಮ್ಲಿಯೇ ಮೊದಲಿಗ ಎನ್ನುವುದು ಸರಿಯಲ್ಲ: ಕೇಲಂ ಕಂಪನಿ 1910ರ ಜನವರಿಯಲ್ಲೇ ತನ್ನ ನಟರ ಚಿತ್ರ, ಹೆಸರು ಪ್ರಕಟಿಸಿತ್ತು.

ವರ್ಷ ಮುಗಿಯುವುದರೊಳಗೆ ಲಾರೆನ್ಸ್ ಇಂಪ್ ಬಿಟ್ಟಳು. ಆ ಜಾಗಕ್ಕೆ ವಾರಕ್ಕೆ 175 ಡಾಲರ್‌ಗೆ ಮೇರಿ ಪಿಕ್‌ಫರ್ಡ್ ಬಂದಳು. ಅವಳೂ ಹೆಚ್ಚು ಕಾಲ ನಿಲ್ಲಲಿಲ್ಲ. ಹೆಸರು ಕೊಟ್ಟರೆ ಬೆಲೆ ಏರುತ್ತದೆಂಬ ಹಳೆಯ ಕಂಪನಿಗಳ ಹೆದರಿಕೆ ನಿಜವೇ ಆಗಿತ್ತು.

ಲಾರೆನ್ಸ್ ಸಮಾಧಿ ಸಾಂತಾ ಮೋನಿಕಾ ಬುಲೆವಾರ್ಡಿನ ಹಾಲಿವುಡ್ ಫಾರೆವರ್ ಸ್ಮಶಾನದಲ್ಲಿದೆ. ಯೂನಿವರ್ಸಲ್ ಸಿಟಿಯಿಂದ ಮೆಟ್ರೊ ಬಿ ಲೈನಿನಲ್ಲಿ ವರ್ಮಾಂಟ್/ಸಾಂತಾ ಮೋನಿಕಾದಲ್ಲಿ ಇಳಿದು, ಪಶ್ಚಿಮಕ್ಕೆ ಹೋಗುವ 4ನೇ ನಂಬರ್ ಬಸ್ ಹಿಡಿಯಿರಿ. ಒಳಗೆ ಹೋಗಲು ಟಿಕೆಟ್ ಇಲ್ಲ. 1938ರಲ್ಲಿ ತೀರಿಕೊಂಡ ಅವಳಿಗೆ 1991ರವರೆಗೂ ಕಲ್ಲೇ ಇರಲಿಲ್ಲ. ನಟ ರಾಡಿ ಮ್ಯಾಕ್‌ಡವೆಲ್ ಹೆಸರು ಹೇಳಿಕೊಳ್ಳದೆ ಹಾಕಿಸಿದ್ದು ಅದು. ಕಲ್ಲಿನ ಮೇಲಿನ ಜನ್ಮವರ್ಷ 1890 ತಪ್ಪು, ಅವಳು ಹುಟ್ಟಿದ್ದು 1886ರಲ್ಲಿ.

ಆ ಜಾಹೀರಾತನ್ನು ಊರಲ್ಲಿ ಕೂತೇ ಓದಬಹುದು: ಮೀಡಿಯಾ ಹಿಸ್ಟರಿ ಡಿಜಿಟಲ್ ಲೈಬ್ರರಿಯಲ್ಲಿ ಪತ್ರಿಕೆಯ ಹೆಸರು, ತಾರೀಖು ಕೊಟ್ಟು ಹುಡುಕಿ. ಆ ಕಾಲದ ಮೂಕಿ ಚಿತ್ರ ನೋಡುವಾಗ ವೇಗದ ಕಡೆ ಗಮನವಿರಲಿ. ಸಾವಿರ ಅಡಿಯ ಒಂದು ರೀಲು ಸೆಕೆಂಡಿಗೆ 16 ಫ್ರೇಮಿನಂತೆ ಸುಮಾರು 17 ನಿಮಿಷ ಓಡುತ್ತದೆ. 24 ಫ್ರೇಮಿಗೆ ಹಾಕಿದರೆ 11 ನಿಮಿಷಕ್ಕೇ ಮುಗಿದು, ನಟನಟಿಯರು ಗಡಿಬಿಡಿಯ ಗೊಂಬೆಗಳಂತೆ ಕಾಣುತ್ತಾರೆ. ಅಂಥ ಪ್ರತಿ ಸಿಕ್ಕರೆ ಪ್ಲೇಯರಿನ ವೇಗವನ್ನು 0.75ಕ್ಕೆ ಇಳಿಸಿ ನೋಡಿ.