ಆಕ್ಸೆಸ್ ಫೈಲು ತೆರೆದಿರುವಾಗ ಬ್ಯಾಕಪ್

ಹತ್ತು ಜನ ಕೆಲಸ ಮಾಡುತ್ತಿರುವ ಆಕ್ಸೆಸ್ (ಮೈಕ್ರೋಸಾಫ್ಟಿನ ಡೇಟಾಬೇಸ್ ತಂತ್ರಾಂಶ) ಫೈಲನ್ನು ಕಾಪಿ ಮಾಡಹೊರಟರೆ ವಿಂಡೋಸ್ ಬೇಡ ಅನ್ನುವುದಿಲ್ಲ. ತೊಂದರೆ ಇರುವುದೇ ಅಲ್ಲಿ. ಫೈಲಿನ ಒಳಗಿರುವುದು 4 ಕೆಬಿ ಪುಟಗಳು. ಕಾಪಿ ಅವನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಾ ಹೋಗುತ್ತದೆ. 800 ಎಂಬಿ ಫೈಲಿಗೆ ಒಂದು ನಿಮಿಷ ಹಿಡಿಯಿತು ಅನ್ನಿ. ಅಷ್ಟರಲ್ಲಿ ಯಾರೋ ಒಂದು ಬಿಲ್ ಸೇವ್ ಮಾಡಿದರು. ಬಿಲ್ಲಿನ ಸಾಲು ಕೂತ ಪುಟವನ್ನು ಕಾಪಿ ಆಗಲೇ ದಾಟಿದೆ, ಇಂಡೆಕ್ಸ್ (ಸಾಲುಗಳನ್ನು ಬೇಗ ಹುಡುಕಲು ಇಡುವ ಸೂಚಿ) ಪುಟ ಇನ್ನೂ ಮುಂದಿದೆ. ಕಾಪಿಯಲ್ಲಿ ಇಂಡೆಕ್ಸ್ ಇರುತ್ತದೆ, ಅದು ಬೆರಳು ತೋರಿಸುವ ಸಾಲು ಇರುವುದಿಲ್ಲ. ಅಂಥ ಕಾಪಿ ತೆರೆಯದೇ ಹೋದರೆ ಪುಣ್ಯ, ಕೆಟ್ಟಿದೆ ಎಂದಾದರೂ ಗೊತ್ತಾಗುತ್ತದೆ. ಸಲೀಸಾಗಿ ತೆರೆದು, ಯಾವುದೋ ಒಂದು ವರದಿಯಲ್ಲಿ ಮಾತ್ರ 3709 ಎರರ್ (ಹುಡುಕಿದ ಕೀ ಯಾವ ರೆಕಾರ್ಡಿನಲ್ಲೂ ಸಿಗಲಿಲ್ಲ ಎಂಬ ದೂರು) ಕೊಡುವ ಫೈಲೇ ಅಪಾಯಕಾರಿ.

ಸರ್ವರ್‌ನಲ್ಲಿ ಶ್ಯಾಡೋ ಕಾಪಿ (ಡಿಸ್ಕ್ ಒಂದು ಕ್ಷಣದಲ್ಲಿ ಹೇಗಿತ್ತೋ ಹಾಗೆ ಹಿಡಿದಿಡುವ ವಿಂಡೋಸ್ ಸೌಲಭ್ಯ) ಇದ್ದರೆ ಎಲ್ಲ ಪುಟಗಳೂ ಒಂದೇ ಕ್ಷಣದವು ಸಿಗುತ್ತವೆ. ಆದರೆ ಆ ಕ್ಷಣ ಬರುತ್ತಿದೆ ಎಂದು ಆಕ್ಸೆಸ್‌ಗೆ ಹೇಳುವವರು ಯಾರೂ ಇಲ್ಲ; ಕೆಲಸದ ನಡುವೆ ಕರೆಂಟು ಹೋದರೆ ಫೈಲು ಹೇಗಿರುತ್ತದೋ ಹಾಗೆ ಸಿಗುತ್ತದೆ. ಏನೂ ಇಲ್ಲದ್ದಕ್ಕಿಂತ ಮೇಲು, ಅಷ್ಟೇ.

ಸರಿಯಾದ ದಾರಿ ಎಲ್ಲರನ್ನೂ ಐದು ನಿಮಿಷ ಹೊರಗೆ ಕಳಿಸುವುದು. ಟೇಬಲ್‌ಗಳು ಸರ್ವರ್‌ನ ಬ್ಯಾಕೆಂಡ್ ಫೈಲಿನಲ್ಲಿ, ಫಾರಂಗಳು ಪ್ರತಿಯೊಬ್ಬರ ಕಂಪ್ಯೂಟರಿನ ಫ್ರಂಟೆಂಡ್‌ನಲ್ಲಿ ಇವೆ ಎಂದಿಟ್ಟುಕೊಳ್ಳೋಣ. ಫ್ರಂಟೆಂಡ್ ಶುರುವಾದಾಗಲೇ ಕಾಣದಂತೆ ತೆರೆಯುವ ಒಂದು ಫಾರಂ ಇಡಿ, ಟೈಮರ್ ಇಂಟರ್ವಲ್ 60000 (ಮಿಲಿಸೆಕೆಂಡು, ಅಂದರೆ ಒಂದು ನಿಮಿಷ). ಬ್ಯಾಕಪ್ ಹೊತ್ತಿಗೆ ನೀವು ಸರ್ವರ್‌ನ ಗೊತ್ತಾದ ಫೋಲ್ಡರಿನಲ್ಲಿ ಇಟ್ಟ ಒಂದು ಟೆಕ್ಸ್ಟ್ ಫೈಲು ಕಂಡರೆ ಆ ಫಾರಂ ಎಚ್ಚರಿಕೆ ತೋರಿಸಬೇಕು, ಐದು ನಿಮಿಷ ಕಾದು ಅಪ್ಲಿಕೇಶನ್ ಮುಚ್ಚಬೇಕು. ಎಚ್ಚರಿಕೆಗೆ ಮೆಸೇಜ್ ಬಾಕ್ಸ್ ಬಳಸಬೇಡಿ. ಓಕೆ ಒತ್ತುವವರೆಗೂ ಕೋಡ್ ಅಲ್ಲೇ ನಿಲ್ಲುತ್ತದೆ, ಒತ್ತಬೇಕಾದವರು ಊಟಕ್ಕೆ ಹೋಗಿರುತ್ತಾರೆ. ಸಣ್ಣ ಫಾರಂ ಒಂದನ್ನು ತೋರಿಸಿದರೆ ಸಾಕು. ಮುಚ್ಚುವ ಮೊದಲು ತೆರೆದ ಫಾರಂಗಳಲ್ಲಿ ಅರ್ಧ ಟೈಪಾದ ರೆಕಾರ್ಡ್ ಇದ್ದರೆ ಅನ್‌ಡೂ ಮಾಡಿ. ಇಲ್ಲದಿದ್ದರೆ ಕಡ್ಡಾಯ ಕಾಲಂ ಖಾಲಿ ಎಂದು ಆಕ್ಸೆಸ್ ತಕರಾರು ತೆಗೆದು ಕೂತುಬಿಡುತ್ತದೆ.

ಎಲ್ಲರೂ ಹೋದರು ಎಂದು ತಿಳಿಯುವುದು ಹೇಗೆ? ಬ್ಯಾಕೆಂಡ್ ಪಕ್ಕದಲ್ಲೇ ಅದೇ ಹೆಸರಿನ, ಎಲ್‌ಎಸಿಸಿಡಿಬಿ ಎಂದು ಕೊನೆಯಾಗುವ ಲಾಕ್ ಫೈಲು ಇರುತ್ತದೆ. ನೋಟ್‌ಪ್ಯಾಡಿನಲ್ಲಿ ತೆರೆದರೆ ಕಂಪ್ಯೂಟರಿನ ಹೆಸರು, ಪಕ್ಕದಲ್ಲಿ ಅಡ್ಮಿನ್ (ಆಕ್ಸೆಸ್ ತಾನಾಗಿ ಕೊಡುವ ಬಳಕೆದಾರ ಹೆಸರು), ಮತ್ತೆ ಇನ್ನೊಂದು ಹೆಸರು, ಮತ್ತೆ ಅಡ್ಮಿನ್. ಒಬ್ಬೊಬ್ಬರಿಗೆ 64 ಬೈಟ್. ಈ ಪಟ್ಟಿಯನ್ನು ಪೂರ್ತಿ ನಂಬಬೇಡಿ, ಹೊರಗೆ ಹೋದವರ ಹೆಸರೂ ಅಲ್ಲಿ ಉಳಿದಿರಬಹುದು. ಕೊನೆಯವರು ಹೊರಟಾಗ ಲಾಕ್ ಫೈಲು ತಾನಾಗಿ ಅಳಿಯಬೇಕು, ನಿಜ. ಆದರೆ ಆ ಫೋಲ್ಡರಿನಲ್ಲಿ ಡಿಲೀಟ್ ಅನುಮತಿ ಇಲ್ಲದಿದ್ದರೆ ಅಳಿಯುವುದೇ ಇಲ್ಲ, ಅದು ಅಳಿಯಲೆಂದು ನಿಮ್ಮ ಬ್ಯಾಕಪ್ ಸ್ಕ್ರಿಪ್ಟ್ ಬೆಳಗಿನವರೆಗೆ ಕಾಯುತ್ತದೆ.

ಅದಕ್ಕಿಂತ ಗಟ್ಟಿಯಾದ ಪರೀಕ್ಷೆ ಬ್ಯಾಕೆಂಡ್ ಫೈಲಿನ ಹೆಸರು ಬದಲಿಸಲು ನೋಡುವುದು. ಒಬ್ಬರ ಬಳಿ ತೆರೆದಿದ್ದರೂ ವಿಂಡೋಸ್ ಒಪ್ಪುವುದಿಲ್ಲ. ಒಪ್ಪಿತೆಂದರೆ ಎರಡು ಕೆಲಸ ಒಟ್ಟಿಗೆ ಆದವು: ಯಾರೂ ಇಲ್ಲವೆಂದು ಖಾತ್ರಿಯಾಯಿತು, ಹಳೆಯ ಹೆಸರಿನಲ್ಲಿ ಹೊಸಬರು ಒಳಗೆ ಬರುವಂತೆಯೂ ಇಲ್ಲ. ಕಾಪಿ ಮಾಡಿ, ಹೆಸರನ್ನು ಮೊದಲಿನಂತೆ ಮಾಡಿ, ಆಮೇಲೆ ಟೆಕ್ಸ್ಟ್ ಫೈಲು ಅಳಿಸಿ.

ಯಾರನ್ನೂ ಹೊರಗೆ ಕಳಿಸುವಂತಿಲ್ಲ ಎಂದಾದರೆ ಫೈಲನ್ನು ಮುಟ್ಟದೆ ಡೇಟಾಬೇಸ್ ಎಂಜಿನ್ ಮೂಲಕವೇ ಓದಿ. ಇಂಡೆಕ್ಸ್, ರಿಲೇಶನ್ (ಟೇಬಲ್‌ಗಳ ನಡುವಿನ ಕೊಂಡಿ) ಎಲ್ಲ ಇರುವ, ಡೇಟಾ ಇಲ್ಲದ ಖಾಲಿ ಮಾದರಿ ಫೈಲೊಂದನ್ನು ಇಟ್ಟುಕೊಂಡು, ಅದರ ಕಾಪಿಗೆ ಒಂದೊಂದೇ ಟೇಬಲನ್ನು ಅಪೆಂಡ್ ಕ್ವೆರಿಯಿಂದ (ಸಾಲುಗಳನ್ನು ಸೇರಿಸುವ ಆಜ್ಞೆ) ತುಂಬಿ, ಮೂಲ ಟೇಬಲ್ ಮೊದಲು, ಅದನ್ನು ಅವಲಂಬಿಸಿದ್ದು ಆಮೇಲೆ. ಇಲ್ಲೂ ಒಂದು ಗುಂಡಿ ಇದೆ. ಬಿಲ್ ಟೇಬಲ್ ಓದಿ ಮುಗಿದ ಮೇಲೆ ಹೊಸ ಬಿಲ್ ಬಂದರೆ ಅದರ ಐಟಂಗಳು ಮಾತ್ರ ಸಿಗುತ್ತವೆ, ರಿಲೇಶನ್ ಅವನ್ನು ತಿರಸ್ಕರಿಸುತ್ತದೆ. ಕ್ವೆರಿ ಓಡಿಸುವ ಎಕ್ಸಿಕ್ಯೂಟ್ ಜೊತೆ ಡಿಬಿ ಫೇಲ್ ಆನ್ ಎರರ್ (ತಪ್ಪಾದರೆ ನಿಲ್ಲಿಸಿ ತಿಳಿಸು ಎಂಬ ಸೂಚನೆ) ಹಾಕದಿದ್ದರೆ ಸದ್ದಿಲ್ಲದೆ ಬಿಟ್ಟುಹೋಗುತ್ತವೆ. ಶುರುವಿನಲ್ಲೇ ಅತಿ ದೊಡ್ಡ ಬಿಲ್ ನಂಬರ್ ಗುರುತು ಹಾಕಿಕೊಂಡು ಎರಡೂ ಟೇಬಲ್‌ಗಳನ್ನು ಅಲ್ಲಿಯವರೆಗೆ ಮಾತ್ರ ಓದಿ. ಹಳೆಯ ಬಿಲ್ಲನ್ನು ಯಾರಾದರೂ ಆಗಲೇ ತಿದ್ದುತ್ತಿದ್ದರೆ ಆಗುವ ಏರುಪೇರನ್ನು ಇದರಿಂದಲೂ ತಡೆಯಲಾಗದು. ಅಟ್ಯಾಚ್‌ಮೆಂಟ್ ಕಾಲಂಗಳು ಈ ದಾರಿಯಲ್ಲಿ ನೇರವಾಗಿ ಬರುವುದಿಲ್ಲ.

ಎಸ್‌ಕ್ಯೂಲೈಟ್ ಎಂಬ ಇನ್ನೊಂದು ಡೇಟಾಬೇಸ್ ಬಳಸುವವರಿಗೆ ಇಷ್ಟು ಪಾಡಿಲ್ಲ. ಅದರ ಬ್ಯಾಕಪ್ ಆಜ್ಞೆ, ಅಥವಾ 3.27 ಆವೃತ್ತಿಯಿಂದ ಬಂದ ವ್ಯಾಕ್ಯೂಮ್ ಇನ್‌ಟು ಆಜ್ಞೆ, ನಡೆಯುತ್ತಿರುವ ಡೇಟಾಬೇಸಿನಿಂದಲೇ ಸರಿಯಾದ ಪ್ರತಿ ತೆಗೆಯುತ್ತದೆ. ಡಬ್ಲ್ಯೂಎಎಲ್ ಮೋಡ್‌ನಲ್ಲಿ (ಹೊಸ ಬರಹಗಳನ್ನು ಮೊದಲು ಬೇರೆ ಫೈಲಿಗೆ ಬರೆಯುವ ವಿಧಾನ) ಮುಖ್ಯ ಫೈಲನ್ನಷ್ಟೇ ಕೈಯಾರೆ ಕಾಪಿ ಮಾಡಿದರೆ ಮಾತ್ರ ಇತ್ತೀಚಿನ ಬರಹಗಳು ಪಕ್ಕದ ಡಬ್ಲ್ಯೂಎಎಲ್ ಫೈಲಿನಲ್ಲೇ ಉಳಿದುಹೋಗುತ್ತವೆ.

ಆಕ್ಸೆಸ್ ಕಾಪಿಯನ್ನು ಹಾಗೆಯೇ ಎತ್ತಿಡಬೇಡಿ. ಅದರದೇ ಇನ್ನೊಂದು ಪ್ರತಿ ತೆಗೆದು, ಆ ಪ್ರತಿಯ ಮೇಲೆ ಕಾಂಪ್ಯಾಕ್ಟ್ ಅಂಡ್ ರಿಪೇರ್ (ಫೈಲನ್ನು ಕುಗ್ಗಿಸಿ ಸರಿಪಡಿಸುವ ಆಕ್ಸೆಸ್ ಆಜ್ಞೆ) ಓಡಿಸಿ. ತಕರಾರಿಲ್ಲದೆ ಮುಗಿಯಬೇಕು, ದೋಷ ಸಿಕ್ಕರೆ ಅದನ್ನು ಬರೆದಿಡುವ ಎಂಎಸ್‌ವೈಎಸ್ ಕಾಂಪ್ಯಾಕ್ಟ್ ಎರರ್ಸ್ ಎಂಬ ಟೇಬಲ್ ಹೊಸದಾಗಿ ಹುಟ್ಟಿರಬಾರದು. ದೊಡ್ಡ ಟೇಬಲ್‌ಗಳ ಸಾಲುಗಳ ಲೆಕ್ಕವನ್ನು ಕಾಂಪ್ಯಾಕ್ಟಿನ ಮೊದಲೂ ಆಮೇಲೂ ತೆಗೆದು ಹೋಲಿಸಿ. ಗಾತ್ರದ ಮೇಲೂ ಕಣ್ಣಿರಲಿ: ಆಕ್ಸೆಸ್ ಫೈಲಿನ ಮಿತಿ 2 ಜಿಬಿ, ಕಾಂಪ್ಯಾಕ್ಟ್ ಆದ ಮೇಲೂ 1.5 ಜಿಬಿ ದಾಟಿದ್ದರೆ ಹಳೆಯ ವರ್ಷಗಳನ್ನು ಬೇರೆ ಫೈಲಿಗೆ ಸಾಗಿಸುವ ಹೊತ್ತು ಬಂದಿದೆ.