ಬೆದರುವ ಕುದುರೆಯೊಂದಿಗೆ ನಾಲೆ ಬಯಲಿನ ಹತ್ತು ಕಿಲೋಮೀಟರ್

ಮೈಸೂರಿಗೂ ಶ್ರೀರಂಗಪಟ್ಟಣಕ್ಕೂ ನಡುವಿನ ನಾಲೆ ಬಯಲು ಕುದುರೆ ಸವಾರಿಗೆ ಹೇಳಿ ಮಾಡಿಸಿದ ಜಾಗ. ಏರಿಳಿತ ಕಡಿಮೆ, ಗದ್ದೆ ಬದಿಯ ಮಣ್ಣುದಾರಿ ಗೊರಸಿಗೆ ಮೆತ್ತಗಿರುತ್ತದೆ, ನೀರಿಗೆ ಬರವಿಲ್ಲ. ಲಾಯದಿಂದ ಹೊರಟು ಒಂದು ತುಂಡು ಡಾಂಬರು ರಸ್ತೆ ದಾಟಿ, ಬಂಡಿ ಜಾಡು ಹಿಡಿದು, ನಾಲೆ ಸೇತುವೆ ಹಾಯ್ದು, ಕೆರೆ ಏರಿಯ ತನಕ ಹೋಗಿ ಬಂದರೆ ಸುಮಾರು 10 ಕಿಲೋಮೀಟರ್. ಕುದುರೆ ಗಂಟೆಗೆ ಆರು ಕಿಲೋಮೀಟರ್ ನಡೆಯುತ್ತದೆ, ಆ ಲೆಕ್ಕದಲ್ಲಿ ಒಂದೂಮುಕ್ಕಾಲು ಗಂಟೆ ಸಾಕು. ಬೆದರುವ ಕುದುರೆಯಾದರೆ ಮೂರು ಗಂಟೆ ಇಟ್ಟುಕೊಳ್ಳಿ. ಹೊತ್ತಾಯಿತೆಂಬ ಅವಸರ ಸವಾರನ ಕೈಯಿಂದ ಲಗಾಮಿಗೆ, ಲಗಾಮಿನಿಂದ ಕುದುರೆಯ ಬಾಯಿಗೆ ಇಳಿಯಲು ಒಂದು ಕ್ಷಣವೂ ಬೇಡ.

ಮೊದಲು ತಿಳಿದಿರಬೇಕಾದ್ದು ಕುದುರೆಯ ಹಿನ್ನೆಲೆ. ಮೈಸೂರು, ಬೆಂಗಳೂರಿನ ಸವಾರಿ ಶಾಲೆಗಳಲ್ಲಿರುವ ಎಷ್ಟೋ ಕುದುರೆಗಳು ರೇಸಿನಿಂದ ನಿವೃತ್ತಿಯಾದ, ಥರೋಬ್ರೆಡ್ ಎಂಬ ಓಟದ ತಳಿಯವು. ಅವು ಬೇಲಿ ಹಾಕಿದ ಟ್ರ್ಯಾಕಿನಲ್ಲಿ, ಬೇರೆ ಕುದುರೆಗಳ ಜೊತೆ ಓಡಿ ಬೆಳೆದಂಥವು. ಲಗಾಮು ಬಿಗಿಯಾದರೆ ಬಾಯೊಳಗಿನ ಕಡಿವಾಣಕ್ಕೆ ಒರಗಿ ಇನ್ನೂ ಜೋರಾಗಿ ಓಡು ಎಂದೇ ಅವುಗಳಿಗೆ ಕಲಿಸಿರುತ್ತಾರೆ. ಹೆದರಿದ ಹೊಸ ಸವಾರ ಎರಡೂ ಕೈಯಲ್ಲಿ ಎಳೆದು ಹಿಡಿಯುತ್ತಾನೆ, ಕುದುರೆ ಅದನ್ನು ಓಟದ ಅಪ್ಪಣೆಯೆಂದು ತಿಳಿಯುತ್ತದೆ. ಹಳ್ಳಿದಾರಿಯ ಅಪಘಾತಗಳಲ್ಲಿ ಹಲವು ಶುರುವಾಗುವುದು ಇಲ್ಲಿಂದಲೇ.

ಕುದುರೆ ಬೆದರುವುದೆಲ್ಲ ಮನಸ್ಸಿನಿಂದಲ್ಲ. ಹೊರಡುವ ಹಿಂದಿನ ದಿನ ಬೆನ್ನೆಲುಬಿನ ಎರಡೂ ಬದಿ ಬೆರಳಿನಿಂದ ಒತ್ತುತ್ತಾ ಹೋಗಿ. ಕುದುರೆ ಬೆನ್ನು ತಗ್ಗಿಸಿದರೆ, ಬಾಲ ಬಡಿದರೆ, ಕಚ್ಚಲು ತಿರುಗಿದರೆ ಬೆನ್ನು ನೋಯುತ್ತಿದೆ, ಜೀನು ಒತ್ತುತ್ತಿರಬಹುದು. ಜೀನಿನ ಹೊಟ್ಟೆಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೆ ಮಡಚುವ ಕುದುರೆಗೆ ಜಠರದ ಹುಣ್ಣೂ ಇರಬಹುದು, ಪಶುವೈದ್ಯರಿಗೆ ತೋರಿಸಿ. ಹಲ್ಲಿನ ಅಂಚು ಚೂಪಾಗಿದ್ದರೆ ಕಡಿವಾಣ ಸೋಕಿದಾಗಲೆಲ್ಲ ತಲೆ ಎಗರಿಸುತ್ತದೆ. ಸವಾರ ಮತ್ತು ಜೀನಿನ ಒಟ್ಟು ತೂಕ ಕುದುರೆಯ ತೂಕದ ಶೇ 20 ಮೀರಬಾರದು. 450 ಕಿಲೋ ಥರೋಬ್ರೆಡ್‌ಗೆ 90 ಕಿಲೋ ಮಿತಿ. ಸಣ್ಣ ಮೈಯ 350 ಕಿಲೋ ಕುದುರೆಗೆ 70.

ಮೇವಿನ ವಿಷಯ. ಎರಡು ದಿನ ಲಾಯದಲ್ಲೇ ನಿಂತು ಓಟ್ಸ್, ಹುರುಳಿ ತಿಂದ ಕುದುರೆಯನ್ನು ಮೂರನೇ ದಿನ ಬಯಲಿಗೆ ಒಯ್ದರೆ ಅದು ಕುಣಿಯದೆ ಏನು ಮಾಡೀತು? ಕೆಲಸವಿಲ್ಲದ ದಿನ ಕಾಳು ಅರ್ಧಕ್ಕಿಳಿಸಿ, ಹುಲ್ಲು ಹೆಚ್ಚಿಸಿ. ಹೊರಡುವ ದಿನ ಅರ್ಧ ಗಂಟೆ ಮುಂಚೆ ಎರಡು ಹಿಡಿ ಒಣಹುಲ್ಲು ಕೊಡಿ. ಖಾಲಿ ಹೊಟ್ಟೆಯಲ್ಲಿ ಓಡಿದರೆ ಜಠರದ ಆಮ್ಲ ಮೇಲಕ್ಕೆ ಚಿಮ್ಮಿ ಉರಿಯುತ್ತದೆ.

ಮೈಸೂರಿನವರಿಗೆ ತಯಾರಿಯ ಮಾದರಿ ಕಣ್ಣೆದುರೇ ಇದೆ. ದಸರೆಗೆ ಮುಂಚೆ ಆನೆಗಳ ಜೊತೆ ಅಶ್ವಾರೋಹಿ ಪೊಲೀಸ್ ದಳದ ಕುದುರೆಗಳನ್ನೂ ನಿಲ್ಲಿಸಿ ಕುಶಾಲತೋಪು ಹಾರಿಸಿ ಅಭ್ಯಾಸ ಮಾಡಿಸುತ್ತಾರೆ. ಶಬ್ದ ಕೇಳಬೇಕು, ಕೇಡಾಗಬಾರದು, ಮತ್ತೆ ಕೇಳಬೇಕು: ಅಭ್ಯಾಸ ಅಂದರೆ ಇದೇ. ಮನೆಮಟ್ಟಿಗೆ ಟಾರ್ಪಾಲು, ಖಾಲಿ ಗೊಬ್ಬರದ ಚೀಲ, ಬಿಚ್ಚಿದ ಕೊಡೆ, ನಿಂತಲ್ಲೇ ಚಾಲೂ ಮಾಡಿದ ಬೈಕು ಸಾಕು. ಕುದುರೆ ಕಿವಿ ನಿಮಿರಿಸಿ ನೋಡಿದರೂ ಕಾಲು ಕೀಳದಷ್ಟು ದೂರದಲ್ಲಿ, ಸುಮಾರು 15 ಮೀಟರಿನಲ್ಲಿ, ಶುರುಮಾಡಿ. ಅದು ತಲೆ ತಗ್ಗಿಸಿ, ಬಾಯಿ ಚಪ್ಪರಿಸಿ, ಉಸಿರು ಬಿಟ್ಟಾಗ ನೀವೇ ಎರಡು ಹೆಜ್ಜೆ ಹಿಂದೆ ಸರಿಯಿರಿ, ಆಮೇಲೆ ಮುಂದಕ್ಕೆ ಬನ್ನಿ. ದಿನಕ್ಕೆ ಹತ್ತು ಹದಿನೈದು ನಿಮಿಷದಂತೆ ಎರಡು ವಾರ ಬೇಕಾಗುತ್ತದೆ. ಕಟ್ಟಿಹಾಕಿ ಮುಖದ ಮುಂದೆ ಚೀಲ ಬಡಿಯುವುದು ಅಭ್ಯಾಸವಲ್ಲ, ಹಿಂಸೆ.

ಜೊತೆಗೆ ಒಂದೇ ಲಗಾಮಿನಿಂದ ನಿಲ್ಲಿಸುವುದನ್ನು ನಿಂತಲ್ಲಿ, ನಡಿಗೆಯಲ್ಲಿ, ಕೊನೆಗೆ ಕುಕ್ಕುಲೋಟದಲ್ಲಿ ರೂಢಿಸಿಕೊಳ್ಳಿ. ಒಂದು ಕೈಯನ್ನು ನಿಧಾನವಾಗಿ ತೊಡೆಯ ಕಡೆಗೆ ತಂದರೆ ಕುದುರೆಯ ಕುತ್ತಿಗೆ ಬಾಗುತ್ತದೆ, ಹಿಂಗಾಲು ಅಡ್ಡ ಸರಿಯುತ್ತವೆ, ಓಟದ ಬಲ ಮುರಿಯುತ್ತದೆ. ಇದು ಓಟ ಶುರುವಾಗುವ ಮುನ್ನ ಬಳಸುವ ಉಪಾಯ. ನಾಗಾಲೋಟದಲ್ಲಿ ಥಟ್ಟನೆ ಎಳೆದರೆ ಕುದುರೆ ಮಗುಚಿ ಬೀಳಬಹುದು.

ಸಾಮಾನು ಕಡಿಮೆಯಿರಲಿ. ಕಡಿವಾಣ ಸ್ನ್ಯಾಫಲ್ ಎಂಬ ಸಾದಾ, ಮೆದು ಬಗೆಯದಿರಲಿ, ಬಾಯಿಗೆ ನೋವು ಕೊಡುವ ಗಡಸು ಕಡಿವಾಣದಿಂದ ಭಯ ಇನ್ನೂ ಏರುತ್ತದೆ. ಕುತ್ತಿಗೆಗೆ ಒಂದು ಚರ್ಮದ ಪಟ್ಟಿ ಕಟ್ಟಿ. ಕುದುರೆ ಎಗರಿದಾಗ ಲಗಾಮಿಗೆ ಜೋತುಬೀಳದೆ ಅದನ್ನು ಹಿಡಿಯಬಹುದು. ಲಗಾಮಿನ ಕೆಳಗೆ ಮುಖಹಗ್ಗ, ಮೂರು ಮೀಟರ್ ಹಗ್ಗ, ಗೊರಸು ಕೆರೆಯುವ ಕೊಕ್ಕೆ, ಕುದುರೆ ಸವಾರಿಯದೇ ಹೆಲ್ಮೆಟ್, ಹಿಮ್ಮಡಿಯಿರುವ ಬೂಟು. ಮೊಬೈಲು ಜೀನಿನ ಚೀಲದಲ್ಲಲ್ಲ, ನಿಮ್ಮ ಮೈಮೇಲಿರಲಿ: ನೀವು ಬಿದ್ದು ಕುದುರೆ ಓಡಿದರೆ ಫೋನೂ ಓಡಿಹೋಗುತ್ತದೆ. ಜೀನಿಗೆ ಲಾಯದ ಫೋನ್ ನಂಬರಿನ ಬಿಲ್ಲೆ ಕಟ್ಟಿ.

ಬೆಳಿಗ್ಗೆ ಆರೂವರೆಗೆ ಹೊರಡುವುದು ಒಳ್ಳೆಯದು. ಬೆದರದ, ವಯಸ್ಸಾದ ಇನ್ನೊಂದು ಕುದುರೆ ಜೊತೆಗಿರಲೇಬೇಕು. ಇದಕ್ಕೆ ವಿನಾಯಿತಿ ಇಲ್ಲ. ಕುದುರೆ ಹಿಂಡಿನ ಪ್ರಾಣಿ, ಮುಂದಿರುವ ಕುದುರೆ ಹಾಯಾಗಿ ನಡೆದರೆ ಹಿಂದಿನದಕ್ಕೆ ಅದೇ ಸಾಕ್ಷಿ. ನಡುವೆ ಒಂದು ಕುದುರೆಯುದ್ದಕ್ಕಿಂತ ಹೆಚ್ಚು ಜಾಗವಿರಲಿ, ಇಲ್ಲದಿದ್ದರೆ ಒದೆ ಬೀಳುತ್ತದೆ. ಮೊದಲ ಹತ್ತು ನಿಮಿಷ ಬರೀ ನಡಿಗೆ. ಆಮೇಲೆ ನಿಲ್ಲಿಸಿ ಹೊಟ್ಟೆಪಟ್ಟಿ ಮತ್ತೆ ನೋಡಿ. ಲಾಯದಲ್ಲಿ ಹೊಟ್ಟೆ ಉಬ್ಬಿಸಿಕೊಂಡಿದ್ದ ಕುದುರೆ ಈಗ ಸಡಿಲಿಸಿರುತ್ತದೆ, ಒಂದೆರಡು ರಂಧ್ರ ಬಿಗಿಯಬೇಕಾಗುತ್ತದೆ.

ಬಂಡಿ ಜಾಡಿನಲ್ಲಿ ಕುದುರೆ ಬೆದರುವುದು ನಿಮಗೆ ಕಾಣದ ಸಂಗತಿಗಳಿಗೆ. ಹಕ್ಕಿ ಓಡಿಸಲು ಗದ್ದೆಗೆ ಕಟ್ಟಿದ ಮಿರುಗುವ ಟೇಪು, ಟೊಮೆಟೊ ಹೊಲದ ಪ್ಲಾಸ್ಟಿಕ್ ಹೊದಿಕೆ, ಒಮ್ಮೆಗೇ ಚಾಲೂ ಆಗುವ ಪಂಪ್‌ಸೆಟ್, ಬಾಳೆ ಎಲೆಯ ಪಟಪಟ. ಕಣ್ಣು ತಲೆಯ ಪಕ್ಕದಲ್ಲಿರುವುದರಿಂದ ಕುದುರೆಗೆ ಸುತ್ತಲಿನ ಬಹುಪಾಲು ಕಾಣುತ್ತದೆ. ಮೂಗಿನ ನೇರ ಮುಂದೆ, ಬಾಲದ ನೇರ ಹಿಂದೆ ಮಾತ್ರ ಕುರುಡು. ಬೆಳಕಿನಿಂದ ನೆರಳಿಗೆ ಅದರ ಕಣ್ಣು ಹೊಂದಿಕೊಳ್ಳುವುದು ನಮ್ಮದಕ್ಕಿಂತ ನಿಧಾನ. ಆದ್ದರಿಂದ ಹುಣಸೆಮರದ ದಟ್ಟ ನೆರಳಿನ ಅಂಚಿನಲ್ಲಿ ನಿಂತರೆ ಅದನ್ನು ಹಟವೆನ್ನಬೇಡಿ. ನಾಲ್ಕು ಉಸಿರಿನಷ್ಟು ಹೊತ್ತು ಕೊಡಿ.

ಕಿವಿ ಒಂದೇ ಕಡೆ ನೆಟ್ಟು, ಕುತ್ತಿಗೆ ಎತ್ತಿ, ಹೆಜ್ಜೆ ಚಿಕ್ಕದಾದರೆ ಬೆದರುವ ಮುನ್ಸೂಚನೆ ಸಿಕ್ಕಿತು. ಆಗ ಆ ವಸ್ತುವನ್ನು ನೀವು ನೋಡಬೇಡಿ, ಅದರಾಚೆ 30 ಮೀಟರ್ ದೂರದ ಮರವನ್ನು ನೋಡಿ. ಉಸಿರು ಹೊರಗೆ ಬಿಡಿ, ಹಿಮ್ಮಡಿ ಕೆಳಗಿಳಿಸಿ, ಕುದುರೆಯ ಮೂಗನ್ನು ಆ ವಸ್ತುವಿಗೆ ವಿರುದ್ಧ ದಿಕ್ಕಿಗೆ ಸ್ವಲ್ಪವೇ ತಿರುಗಿಸಿ, ಅದೇ ವಿರುದ್ಧ ಬದಿಯ ಕಾಲನ್ನು ಹೊಟ್ಟೆಗೆ ಒತ್ತಿ. ಹಾಗೆ ಬಾಗಿದ ಕುದುರೆಗೆ ಹಾರಿ ಹೊರಳುವುದು ಕಷ್ಟ. ಮೂಗನ್ನು ವಸ್ತುವಿನ ಕಡೆಗೇ ಎಳೆದರೆ ಹಿಂಭಾಗ ದಾರಿಯ ಮಧ್ಯಕ್ಕೆ ಬೀಸುತ್ತದೆ, ಎದುರು ವಾಹನವಿದ್ದರೆ ಮುಗಿಯಿತು.

ಕಬ್ಬಿನ ಟ್ರ್ಯಾಕ್ಟರು ಬರುವ ಸದ್ದು ಕುದುರೆಗೆ ನಿಮಗಿಂತ ಮೊದಲೇ ಕೇಳಿರುತ್ತದೆ. ಗದ್ದೆಗೆ ಇಳಿಯುವ ಜಾಗ ಸಿಕ್ಕರೆ ಅಲ್ಲಿಗೆ ಸರಿದು ಕುದುರೆಯ ಮುಖ ಟ್ರ್ಯಾಕ್ಟರಿನ ಕಡೆಗೆ ಮಾಡಿ ನಿಲ್ಲಿಸಿ. ಬೆನ್ನಹಿಂದಿನ ಸದ್ದೇ ಅತಿ ದೊಡ್ಡ ಭಯ. ಕೈ ಎತ್ತಿ "ಅಣ್ಣಾ, ಸ್ವಲ್ಪ ನಿಧಾನ, ಹಾಡಿನ ಸದ್ದು ಕಡಿಮೆ ಮಾಡಿ" ಅಂದರೆ ನಮ್ಮ ಕಡೆ ಚಾಲಕರು ಕೇಳುತ್ತಾರೆ. ಹೋಗುವಾಗ ಥ್ಯಾಂಕ್ಸ್ ಹೇಳಿ, ನಾಳೆಯೂ ಅವರೇ ಸಿಗುವುದು.

ನಾಲೆ ಸೇತುವೆಯಲ್ಲಿ ಎಷ್ಟೋ ಜನ ಸೋಲುತ್ತಾರೆ. ನೀರಿಲ್ಲದಾಗ ಸಲೀಸಾಗಿ ದಾಟಿದ ಕುದುರೆ, ಕೆಆರ್‌ಎಸ್‌ನಿಂದ ನೀರು ಬಿಟ್ಟ ವಾರ ಅದೇ ಸೇತುವೆಯಲ್ಲಿ ಕಾಲಿಡುವುದಿಲ್ಲ. ಕೆಳಗೆ ಹರಿಯುವ ಸದ್ದು, ಮಿನುಗು ಎರಡೂ ಹೊಸದು. ಜೊತೆಗಾರ ಕುದುರೆ ಮೊದಲು ದಾಟಲಿ, ದಾಟಿದ ಮೇಲೆ ಐದಾರು ಮೀಟರಿನಲ್ಲೇ ಕಾಯಲಿ. ಆಗಲೂ ಬರದಿದ್ದರೆ ಇಳಿಯಿರಿ. ಕಾಲಿಡುವ ರಿಕಾಪುಗಳನ್ನು ಮೇಲಕ್ಕೆ ಸರಿಸಿ ಸಿಕ್ಕಿಸಿ, ಹಗ್ಗವನ್ನು ಕೈಗೆ ಎಂದೂ ಸುತ್ತಿಕೊಳ್ಳದೆ ಮಡಿಕೆ ಮಾಡಿ ಹಿಡಿದು, ಭುಜದ ಪಕ್ಕದಲ್ಲಿ ನಡೆಯಿರಿ. ನೇರ ಮುಂದೆ ನಡೆದರೆ ಅದು ಹಾರಿ ನಿಮ್ಮ ಮೇಲೇ ಬೀಳುತ್ತದೆ. ಸಿಮೆಂಟು ಹಾಕಿದ ನಾಲೆಯ ಅಂಚಿನಿಂದ ಎರಡು ಮೀಟರ್ ದೂರವಿರಿ. ಒಳಗೆ ಜಾರಿದ ಕುದುರೆಗೆ ಆ ಇಳಿಜಾರು ಗೋಡೆ ಹತ್ತಿ ಬರಲಾಗದು.

ಕೆರೆ ಏರಿಯ ದೊಡ್ಡ ಆಲದ ಮರ, ಓವರ್‌ಹೆಡ್ ಟ್ಯಾಂಕು ಕಂಡಲ್ಲಿ ಮೊದಲು ಮೇಲೆ ನೋಡಿ. ಹೆಜ್ಜೇನಿದ್ದರೆ ಮಾತಿಲ್ಲದೆ ವಾಪಸಾಗಿ. ನಾಯಿ ಅಟ್ಟಿಸಿ ಬಂದರೆ ಓಡಬೇಡಿ, ಕುದುರೆಯನ್ನು ನಾಯಿಯ ಕಡೆಗೆ ತಿರುಗಿಸಿ ನಿಂತು ಗದರಿಸಿ. ಊರ ಅಂಚಿನ ಕಣಗಿಲೆ, ಬೇಲಿಯ ಲಂಟಾನ ಕುದುರೆಗೆ ವಿಷ, ಬಾಯಿ ಹಾಕಲು ಬಿಡಬೇಡಿ. ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ರಸ್ತೆಗೇ ಹರಡಿರುತ್ತಾರೆ. ಅದು ಜಾರುವ ನೆಲ, ಮೇಲಾಗಿ ಯಾರದೋ ಅನ್ನ. ಸುತ್ತು ಬಳಸಿ ಹೋಗಿ. ಗಣೇಶನ ಹಬ್ಬ, ದೀಪಾವಳಿ, ಊರ ಜಾತ್ರೆಯ ದಿನಗಳಲ್ಲಿ ಹೊರಡಲೇಬೇಡಿ.

ಮರಳುವ ದಾರಿ ಹೆಚ್ಚು ಅಪಾಯದ್ದು, ಲಾಯದ ಕಡೆ ಮುಖವಾದೊಡನೆ ಕುದುರೆ ಚುರುಕಾಗುತ್ತದೆ. ಕೊನೆಯ ಎರಡು ಕಿಲೋಮೀಟರ್ ನಡಿಗೆ ಮಾತ್ರ. ವೇಗ ಹೆಚ್ಚಿಸಿದರೆ ಚಿಕ್ಕದೊಂದು ಸುತ್ತು ಹಾಕಿಸಿ ಮುಂದುವರಿಸಿ. ಇನ್ನೊಂದು ಮಾತು: ಮೊದಲ ದಿನವೇ ಕೆರೆ ಮುಟ್ಟಬೇಕಿಲ್ಲ. ಡಾಂಬರು ದಾಟಿ ಅರ್ಧ ಕಿಲೋಮೀಟರಿನಲ್ಲಿ ಕುದುರೆ ಸಮಾಧಾನದಿಂದಿರುವಾಗಲೇ ತಿರುಗಿಸಿ. ಹೆದರಿದ ಮೇಲೆ ತಿರುಗಿಸಿದರೆ, "ಹೆದರಿದರೆ ಮನೆ ಸಿಗುತ್ತದೆ" ಎಂದು ಕಲಿಯುತ್ತದೆ. ಸೇತುವೆಯ ತನಕ ಮೂರ್ನಾಲ್ಕು ಬಾರಿ, ಕೆರೆಯ ತನಕ ಆಮೇಲೆ.

ಲಾಯಕ್ಕೆ ಬಂದು ಹತ್ತು ಹದಿನೈದು ನಿಮಿಷ ಕೈಯಲ್ಲಿ ಹಿಡಿದು ನಡೆಸಿ, ದವಡೆಯ ಕೆಳಗಿನ ನಾಡಿ ಹಿಡಿದು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. ವಿಶ್ರಾಂತಿಯಲ್ಲಿ 28ರಿಂದ 44 ಇರುವ ಬಡಿತ ಇಷ್ಟು ಹೊತ್ತಿಗೆ 60ಕ್ಕಿಂತ ಕೆಳಗಿಳಿದಿರಬೇಕು. ಇಳಿಯದಿದ್ದರೆ ಮೈಗೆ ನೀರು ಹೊಯ್ದು, ಆ ನೀರನ್ನು ಬಳಿದು ತೆಗೆದು, ಮತ್ತೆ ಹೊಯ್ಯಿರಿ. ಗೊರಸಿನ ಕಲ್ಲು ತೆಗೆದು, ಲಾಳ ಸಡಿಲವಾಗಿದೆಯೇ ನೋಡಿ. ಜೀನು ಇಳಿಸಿದಾಗ ಬೆನ್ನಿನ ಬೆವರು ಎಲ್ಲೆಡೆ ಒಂದೇ ಸಮ ಇರಬೇಕು. ನಡುವೆ ಒಣಗಿದ ಮಚ್ಚೆ ಕಂಡರೆ ಅಲ್ಲಿ ಜೀನು ಒತ್ತಿರಬಹುದು, ಮುಂದಿನ ಸವಾರಿಗೆ ಮುನ್ನ ಅದನ್ನು ಸರಿಪಡಿಸಿ.